ಓದುವ ಮಕ್ಕಳ ಕೈಗೆ ಲೆಕ್ಕದ ವಹಿ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಟ್ರಸ್ಟಿನ ಅಧ್ಯಕ್ಷರೆ, ಪದಾಧಿಕಾರಿಗಳೆ, ದಾನಿಗಳೆ, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ತಂದೆ-ತಾಯಂದಿರೆ, ಪ್ರೀತಿಯ ಮಕ್ಕಳೆ,

ಒಳಗೆ ಬರುವಾಗ ಬಾಗಿಲ ಹತ್ತಿರ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ಪದವಿ ಓದುತ್ತಿದ್ದಾನೆ, ನಾನು ನೋಡಿಕೊಳ್ಳುವ ಒಂದು ತಂಡದಲ್ಲಿದ್ದಾನೆ. ಅವರು ಹೇಳಿದ್ದು ಇಷ್ಟು: "ಸರ, ಹುಡುಗನ್ನ ಕಲಿಯಾಕಂತ ಕಳಿಸೀನ್ರಿ. ಅವ ನೋಡಿದ್ರ ಸಂತ್ಯಾಗ ಖಾರಪುಡಿ ಪಾಕೀಟ ಹಿಡಕೊಂಡು ಕುಂತಿದ್ನಂತ. ನಾ ನಲವತ್ತ ವರ್ಷ ಸಂತ್ಯಾಗ ಕುಂತದ್ದು ಸಾಲಲಿಲ್ಲೇನ್ರಿ? ಅವನೂ ಅಲ್ಲೇ ಕೂಡಬೇಕೇನು?"

ಸಭೆ ಶುರುವಾಗುತ್ತಿತ್ತು, ನಾನು ಉತ್ತರ ಕೊಡದೆ ಒಳಗೆ ಬಂದೆ. ಈಗ ಎಲ್ಲರ ಎದುರಿಗೆ ಕೊಡುತ್ತೇನೆ. ಏಕೆಂದರೆ ಅದು ಒಬ್ಬರ ಪ್ರಶ್ನೆ ಅಲ್ಲ. ವಿದ್ಯಾರ್ಥಿವೇತನ ಪಡೆದ ಮನೆಯವರ ಪ್ರಶ್ನೆಯೂ ಅದೇ, ಕೊಟ್ಟ ದಾನಿಗಳ ಪ್ರಶ್ನೆಯೂ ಅದೇ. ನಾವು ಪುಸ್ತಕಕ್ಕೆಂದು ಕೊಟ್ಟ ದುಡ್ಡು ಮೆಣಸಿನಕಾಯಿಗೆ ಹೋಯಿತೆ?

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಹುಡುಗ ಶಾಲೆ ಬಿಟ್ಟು ಸಂತೆಗೆ ಹೋಗಿಲ್ಲ. ಅದು ಅವನ ಪಾಠದ ಒಂದು ಭಾಗ. ನಮ್ಮ ಜಿಲ್ಲೆಯಲ್ಲಿ ಇದು ಹೊಸತೂ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಮಕ್ಕಳು ಹಳ್ಳಿಗೆ ಬಂದು ರೈತರ ಜೊತೆ ಇದ್ದು ಕಲಿಯುವುದನ್ನು ನೀವು ನೋಡಿರಬಹುದು. ಅದರ ಜೊತೆಗೇ ಇನ್ನೊಂದು ಪಾಠ ಇದೆ. ಗುಂಪು ಕಟ್ಟಿಕೊಂಡು ಒಂದು ಉತ್ಪಾದನಾ ಘಟಕವನ್ನು ತಾವೇ ನಡೆಸುವುದು: ಬೀಜ, ಜೈವಿಕ ಗೊಬ್ಬರ, ಅಣಬೆ, ಹಣ್ಣು ತರಕಾರಿ ಸಂಸ್ಕರಣೆ, ಹೀಗೆ. ಮಾಲು ತಯಾರಿಸಬೇಕು, ಮಾರಬೇಕು, ಲೆಕ್ಕ ಒಪ್ಪಿಸಬೇಕು. 2015ರಲ್ಲಿ ಕೇಂದ್ರ ಸರಕಾರ ಇದೆಲ್ಲವನ್ನೂ 'ಸ್ಟೂಡೆಂಟ್ ರೆಡಿ' ಎಂಬ ಹೆಸರಿನಲ್ಲಿ ದೇಶದ ಕೃಷಿ ಪದವಿಗಳಿಗೆಲ್ಲ ತಂದಿತು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ನಿನವರು 'ಲೀಡ್' ಎಂಬ ಕಾರ್ಯಕ್ರಮದಲ್ಲಿ ಕಾಲೇಜು ಮಕ್ಕಳ ಯೋಜನೆಗಳಿಗೆ ಸಣ್ಣ ಮೊತ್ತ ಕೊಟ್ಟು ಮಾಡಿ ನೋಡಿ ಎಂದು ಬಿಡುತ್ತ ಬಂದಿದ್ದಾರೆ. ಸರಕಾರದ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ, ಸಿಡಾಕ್, ನಮ್ಮ ಧಾರವಾಡದಲ್ಲೇ ಇದೆ. ಬೆಂಗಳೂರಿಗೆ ಹೋಗದೆ ಇದನ್ನು ಕಲಿಯುವ ಭಾಗ್ಯ ನಮ್ಮ ಮಕ್ಕಳಿಗಿದೆ. ನಮ್ಮ ಮನೆಗಳಿಗೆ ಸುದ್ದಿ ಮುಟ್ಟಿಲ್ಲ, ಅಷ್ಟೆ.

ಈಗ ಆ ಖಾರಪುಡಿಯ ಕಥೆ ಹೇಳುತ್ತೇನೆ. ಅಂಕಿಗಳನ್ನು ಸಭೆಗೆ ಅನುಕೂಲವಾಗಲಿ ಎಂದು ದುಂಡಗೆ ಮಾಡಿದ್ದೇನೆ.

ಐದು ಮಕ್ಕಳ ತಂಡ. ಕುಂದಗೋಳ, ಅಣ್ಣಿಗೇರಿ ಸೀಮೆಯ ಕಪ್ಪು ನೆಲದಲ್ಲಿ ಬೆಳೆಯುವ ಬ್ಯಾಡಗಿ ತಳಿಯ ಮೆಣಸಿನಕಾಯಿ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಖಾರ ಕಡಿಮೆ, ಬಣ್ಣ ಗಾಢ, ಮೈಮೇಲೆ ಸುಕ್ಕು. ಆ ಬಣ್ಣಕ್ಕೇ ಅದಕ್ಕೆ ಬೆಲೆ. ಮಕ್ಕಳು 10 ಕಿಲೋ ಕೊಂಡರು, ಕಿಲೋಗೆ 250ರಂತೆ 2,500 ರೂಪಾಯಿ. 100 ಗ್ರಾಮಿನ 100 ಪಾಕೀಟು ಆಗುತ್ತವೆ, ಒಂದಕ್ಕೆ 25 ರೂಪಾಯಿ ಬೀಳುತ್ತದೆ, 35ಕ್ಕೆ ಮಾರಿದರೆ ಪಾಕೀಟಿಗೆ 10 ರೂಪಾಯಿ ಲಾಭ ಎಂದು ಹಲಗೆಯ ಮೇಲೆ ಬರೆದರು. ನಾನು ಸುಮ್ಮನೆ ನೋಡುತ್ತ ಕೂತೆ. ಹೇಳಿಬಿಟ್ಟರೆ ಪಾಠ ಅಲ್ಲಿಗೇ ಮುಗಿಯುತ್ತದೆ.

ತೊಟ್ಟು ಬಿಡಿಸಿದರು, ಬಿಸಿಲಿಗೆ ಹಾಕಿದರು. 10 ಕಿಲೋ 9 ಆಯಿತು. ಗಿರಣಿಯಿಂದ ಬರುವಾಗ ಎಂಟೂವರೆ ಆಯಿತು. ಬೀಸಿದ ಕೂಲಿ ಕಿಲೋಗೆ 30ರಂತೆ 270. ಪಾಕೀಟು, ಲೇಬಲ್ಲು ಒಂದಕ್ಕೆ 4ರಂತೆ 85 ಪಾಕೀಟಿಗೆ 340. ಬಸ್ಸು, ಹಮಾಲಿ 200. ಒಟ್ಟು 3,310 ರೂಪಾಯಿ. ಅಂದರೆ ಪಾಕೀಟೊಂದಕ್ಕೆ ಹತ್ತಿರ ಹತ್ತಿರ 39. ಮಾರಿದ್ದು 35ಕ್ಕೆ. ಎಲ್ಲ ಖರ್ಚಾಯಿತು, ಗಿರಾಕಿಗಳು ಹೊಗಳಿದರು, ಕೈಯಲ್ಲಿ ಉಳಿದದ್ದು 335 ರೂಪಾಯಿ ನಷ್ಟ. ಐದು ಜನರ ನಾಲ್ಕು ದಿನದ ಕೂಲಿ ಇದರಲ್ಲಿ ಸೇರಿಲ್ಲ.

ಇದನ್ನು ಕೇಳಿ ಇಲ್ಲಿ ಕೂತ ವ್ಯಾಪಾರಸ್ಥರು ನಗುತ್ತಿದ್ದೀರಿ. ನಗಬೇಕು. ನಿಮಗೆ ಇದು ಮೈಗೆ ಹತ್ತಿದ ವಿದ್ಯೆ. ಆದರೆ ಬಿ.ಕಾಂ. ಪುಸ್ತಕದಲ್ಲಿ 'ತೂಕದ ಇಳಿತಾಯ' ಎಂಬ ಶೀರ್ಷಿಕೆ ಓದಿ ನೂರಕ್ಕೆ ತೊಂಬತ್ತು ಅಂಕ ತೆಗೆದ ಹುಡುಗಿಯೇ ಆ ತಂಡದ ಲೆಕ್ಕ ಬರೆದವಳು. ಪುಸ್ತಕದ ಇಳಿತಾಯಕ್ಕೂ ಬಿಸಿಲಿನಲ್ಲಿ ಹೋದ ಒಂದು ಕಿಲೋಗೂ ಸಂಬಂಧ ಇದೆ ಎಂಬುದು ಅವಳಿಗೆ ಅಂದು ಗೊತ್ತಾಯಿತು. ಎರಡನೇ ಸಲ ಅವರು ಬೆಲೆ ಏರಿಸಲಿಲ್ಲ ಎಂಬುದನ್ನು ಗಮನಿಸಿ. 250 ಗ್ರಾಮಿನ ಪಾಕೀಟು ಮಾಡಿ ಲೇಬಲ್ಲಿನ ಖರ್ಚು ತಗ್ಗಿಸಿದರು, ಮೊದಲೇ ಹೆಸರು ಬರೆಸಿದ ಮನೆಗಳಿಗಷ್ಟೇ ಬೀಸಿಸಿದರು. ಲಾಭ ಬಹಳ ಆಗಲಿಲ್ಲ. ನಷ್ಟವಂತೂ ಆಗಲಿಲ್ಲ.

ಆ ತಂಡದಲ್ಲಿ ಒಬ್ಬ ಹುಡುಗ, ಪುಡಿಯ ಬಣ್ಣ ಸ್ವಲ್ಪ ಏರುವಂತೆ 'ಏನಾದರೂ' ಹಾಕೋಣವೆ ಎಂದು ಮೆಲ್ಲಗೆ ಕೇಳಿದ್ದ. ಕೇಳಿದ್ದು ಒಳ್ಳೆಯದೇ ಆಯಿತು. ನಮ್ಮ ಪ್ರವಾದಿಯವರು, ಸಲ್ಲಲ್ಲಾಹು ಅಲೈಹಿ ವಸಲ್ಲಮ್, ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗೆ ತೇವ ಸಿಕ್ಕಾಗ ಮಾರುವವನನ್ನು ಕೇಳಿದ ಪ್ರಸಂಗ ನಿಮಗೆಲ್ಲ ಗೊತ್ತು. ಒದ್ದೆಯಾದದ್ದನ್ನು ಮೇಲಿಟ್ಟು ಮಾರು, ಜನ ನೋಡಿ ಕೊಳ್ಳಲಿ ಎಂಬುದು ಅಲ್ಲಿನ ಮಾತಿನ ತಾತ್ಪರ್ಯ. ಜುಮ್ಮಾ ಖುತ್ಬಾದಲ್ಲಿ ಅದನ್ನು ಹತ್ತು ಸಲ ಕೇಳಿದ ಹುಡುಗನೇ ಅವನು. ಕೈಯಲ್ಲಿ ಪುಡಿ ಹಿಡಿದು ಕೇಳಿದಾಗ ಅದು ಅವನಿಗೆ ತಾಗಿತು.

ಇನ್ನು 'ಸುಸ್ಥಿರ' ಎಂಬ ಶಬ್ದ. ಅದನ್ನು ಬಹಳ ಜನ ಪ್ಲಾಸ್ಟಿಕ್ ಬಿಡುವುದು, ಗಿಡ ನೆಡುವುದು ಎಂದಷ್ಟೇ ತಿಳಿದಿದ್ದಾರೆ. ಅದೂ ಹೌದು. ಆದರೆ ಅದರ ಪೂರ್ತಿ ಅರ್ಥ ನನಗೆ ತಿಳಿದದ್ದು ನವಲಗುಂದದಲ್ಲಿ.

ನವಲಗುಂದದ ಜಮಖಾನ ನಮ್ಮ ಸಮಾಜದ ಹೆಣ್ಣುಮಕ್ಕಳ ಕೈಕೆಲಸ. ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು ಹತ್ತಿಯ ನೂಲಿನಲ್ಲಿ ಪಗಡೆಯ ಹಾಸು, ನವಿಲು ಮೂಡಿಸುತ್ತಾರೆ. ನೆಲಕ್ಕೆ ಹಾಸುವ ಜಮಖಾನ, ನಮಾಜಿಗೆ ಜಾನಮಾಜ್, ಕುದುರೆ ಎತ್ತುಗಳ ಬೆನ್ನಿಗೆ ಗುಡ್ಡರ್, ಹೀಗೆ ಬಗೆಗಳು. ಬಿಜಾಪುರದ ಆದಿಲಶಾಹಿ ಕಾಲದಿಂದ ಬಂದ ಕಸುಬು ಎಂಬುದು ಮನೆಮನೆಯ ಮಾತು. ಇದಕ್ಕೆ ಭೌಗೋಳಿಕ ಸೂಚಕದ ನೋಂದಣಿಯೂ ಆಗಿದೆ. ಅಂದರೆ ಬೇರೆ ಊರಿನಲ್ಲಿ ನೇಯ್ದದ್ದನ್ನು ನವಲಗುಂದದ್ದು ಎಂದು ಮಾರುವಂತಿಲ್ಲ. ಇಷ್ಟಿದ್ದರೂ ನೇಯುವ ಕೈಗಳು ಕಡಿಮೆಯಾಗುತ್ತಿವೆ.

ಒಂದು ತಂಡ ಇದನ್ನೇ ಆರಿಸಿಕೊಂಡಿತು. ಅವರ ಮೊದಲ ಯೋಜನೆ ಕೇಳಿ: ಆ ಪಗಡೆಯ ವಿನ್ಯಾಸವನ್ನು ಫೋಟೊ ತೆಗೆದು, ಯಂತ್ರದಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಆನ್‌ಲೈನಿನಲ್ಲಿ ಅಗ್ಗಕ್ಕೆ ಮಾರುವುದು. ಕಾಗದದ ಮೇಲೆ ಭಾರೀ ಲಾಭ. ನಾನು ಕೇಳಿದ್ದು ಒಂದೇ: ಇದು ಚೆನ್ನಾಗಿ ನಡೆದರೆ ಐದು ವರ್ಷದ ಮೇಲೆ ನವಲಗುಂದದಲ್ಲಿ ಎಷ್ಟು ಮಗ್ಗ ಇರುತ್ತವೆ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆ ಉದ್ಯಮ ಗೆದ್ದಷ್ಟೂ ಅದರ ಬೇರು ಒಣಗುತ್ತದೆ. ಯಾರ ವಿದ್ಯೆಯಿಂದ ಅದು ಹುಟ್ಟಿತೋ ಅವರೇ ಕೂಲಿಗೆ ಹೋಗಬೇಕಾಗುತ್ತದೆ.

ಆಮೇಲೆ ಆ ಮಕ್ಕಳು ಹೋಗಿ ಮಗ್ಗದ ಹತ್ತಿರ ಕೂತರು. ಹೆಣ್ಣುಮಕ್ಕಳು ಮಾತ್ರ ಒಳಗೆ, ಗಂಡುಹುಡುಗರು ಕಟ್ಟೆಯ ಮೇಲೆ. ಇವರು ಪೇಟೆ, ಬ್ರ್ಯಾಂಡು, ಇನ್‌ಸ್ಟಾಗ್ರಾಮ್ ಎಂದು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡ ಒಬ್ಬ ಖಾಲಾ, "ಅದೆಲ್ಲ ಖರೆ ಬೇಟಿ, ನೂಲಿನ ರೊಕ್ಕ ಯಾರು ಕೊಡತಾರ?" ಎಂದರಂತೆ. ಇಡೀ ಕೈಮಗ್ಗದ ಸಮಸ್ಯೆ ಆ ಒಂದು ಮಾತಿನಲ್ಲಿದೆ. ದೊಡ್ಡ ಜಮಖಾನ ನೇಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನೂಲಿನ ದುಡ್ಡು ಸಿಕ್ಕಿಬಿದ್ದಿರುತ್ತದೆ. ನೂಲು ಕೊಡಿಸಿದವನೇ ದರ ಹೇಳುತ್ತಾನೆ. ಮಕ್ಕಳು ವಾಪಸು ಬಂದು ಯೋಜನೆಯನ್ನು ಹರಿದು ಹಾಕಿದರು. ಬೇಗ ಮುಗಿಯುವ, ಬೇಗ ದುಡ್ಡು ಬರುವ ಸಣ್ಣ ಮಾಲು, ಅಂದರೆ ಜಾನಮಾಜು ಮತ್ತು ಮೇಜಿನ ಹಾಸು, ಗಿರಾಕಿಯಿಂದ ಅರ್ಧ ಮುಂಗಡ, ಆ ಮುಂಗಡದಲ್ಲಿ ನೂಲು. ಇಷ್ಟೇ ಅವರ ಹೊಸ ಯೋಜನೆ. ಪ್ರಶಸ್ತಿ ಬರುವಂಥದ್ದಲ್ಲ. ಆದರೆ ದಿನಕ್ಕೆ ಎಷ್ಟು ಕೂಲಿ ಬೀಳುತ್ತದೆ ಎಂಬ ಕಾಲಂ ಆ ವಹಿಯ ಮೊದಲ ಸಾಲಿನಲ್ಲಿತ್ತು, ಕೊನೆಯಲ್ಲಿ ಅಲ್ಲ. ನಾನು ಅದಕ್ಕೇ ಹೆಚ್ಚು ಅಂಕ ಕೊಟ್ಟೆ.

ಕಲಘಟಗಿಯ ಬಣ್ಣದ ತೊಟ್ಟಿಲಿನ ಬಗ್ಗೆಯೂ ಒಂದು ತಂಡ ಹೊರಟಿತ್ತು. ತವರಿನವರು ಬಾಣಂತಿಗೆ ಕೊಡುವ ಆ ತೊಟ್ಟಿಲು ಮೂರು ತಲೆಮಾರು ಬಾಳುತ್ತದೆ, ಒಂದೇ ಮನೆಗೆ ಎರಡನೇದು ಬೇಕಾಗುವುದಿಲ್ಲ. ಬಾಳಿಕೆ ಬರುವ ಮಾಲಿಗೆ ಗಿರಾಕಿ ಮತ್ತೆ ಬರುವುದಿಲ್ಲ ಎಂಬ ತೊಡಕನ್ನು ಅವರಿಗೆ ಇನ್ನೂ ಬಿಡಿಸಲಾಗಿಲ್ಲ. ನನಗೂ ಆಗಿಲ್ಲ.

ತಂಡಗಳು ಮುರಿಯುವುದು ಪೇಟೆಯಿಂದ ಅಲ್ಲ, ಒಳಜಗಳದಿಂದ. ಐದು ಜನರಲ್ಲಿ ಇಬ್ಬರು ದುಡಿಯುತ್ತಾರೆ, ಮೂವರು ಫೋಟೊಕ್ಕೆ ಬಂದು ನಿಲ್ಲುತ್ತಾರೆ. ಆಗ ನಾನು ನಮ್ಮ ದೀನಿನ ವ್ಯವಹಾರವನ್ನೇ ನೆನಪಿಸುತ್ತೇನೆ. ಹಜರತ್ ಖದೀಜಾ, ರಜಿಯಲ್ಲಾಹು ಅನ್ಹಾ, ಅವರ ಬಂಡವಾಳ, ಪ್ರವಾದಿಯವರ ದುಡಿಮೆ, ಶಾಮ್ ದೇಶದ ವ್ಯಾಪಾರ. ಫಿಕ್ಹಿನಲ್ಲಿ ಅಂಥ ವ್ಯವಹಾರಕ್ಕೆ ಮುದಾರಬಾ ಎನ್ನುತ್ತಾರೆ. ಲಾಭ ಮೊದಲೇ ಒಪ್ಪಿದ ಪಾಲಿನಂತೆ, ನಷ್ಟವಾದರೆ ಬಂಡವಾಳದವನದು ಹಣ ಹೋಯಿತು, ದುಡಿದವನದು ದುಡಿಮೆ ಹೋಯಿತು. ಕುರ್‌ಆನಿನ ಅತಿ ಉದ್ದದ ಆಯತ್, ಸೂರಃ ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿ ಇಟ್ಟು ಬರೆದಿಡುವುದರ ಬಗ್ಗೆಯೇ ಇದೆ. ಗೆಳೆಯರಲ್ಲಿ ಬರಹ ಏಕೆ ಎನ್ನುವ ಮಕ್ಕಳಿಗೆ ನಾನು ಅದನ್ನು ತೋರಿಸಿ, ಒಂದು ಹಾಳೆಯ ಮೇಲೆ ಯಾರ ಕೆಲಸ ಏನು, ಯಾರ ಪಾಲು ಎಷ್ಟು, ಬಿಟ್ಟು ಹೋಗುವವರಿಗೆ ಏನು ಎಂದು ಬರೆಸಿ ಸಹಿ ಹಾಕಿಸುತ್ತೇನೆ. ನಮ್ಮ ಅಣ್ಣ-ತಮ್ಮಂದಿರ ಎಷ್ಟು ಅಂಗಡಿಗಳು ಈ ಒಂದು ಹಾಳೆ ಇಲ್ಲದ್ದಕ್ಕೆ ಬಾಗಿಲು ಹಾಕಿವೆ ಎಂಬುದು ಇಲ್ಲಿ ಕೂತವರಿಗೆ ಗೊತ್ತು.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ನಿಮ್ಮ ಹೆದರಿಕೆ ಬಸ್ಸಿನದು, ಸಂಜೆಯದು, ಜನರ ಬಾಯಿಯದು. ಅದನ್ನು ನಾನು ಹಗುರ ಮಾಡುವುದಿಲ್ಲ. ಅದಕ್ಕೇ ಒಂದೇ ಊರಿನ ಇಬ್ಬರನ್ನು ಜೋಡಿ ಮಾಡುತ್ತೇವೆ, ತಿರುಗಾಟ ಹಗಲಿಗೆ ಮುಗಿಯುವಂತೆ ನೋಡುತ್ತೇವೆ. ಆದರೆ 'ಅವಳು ಮನೆಯಲ್ಲೇ ಲೆಕ್ಕ ಬರೆಯಲಿ, ಊರು ಗಂಡುಹುಡುಗರು ತಿರುಗಲಿ' ಎಂದು ಮಾತ್ರ ಹೇಳಬೇಡಿ. ಆ ಖಾಲಾ ನೂಲಿನ ಮಾತು ಹೇಳಿದ್ದು ಒಳಗೆ ಹೋಗಿ ಕೂತ ಹುಡುಗಿಯರಿಗೆ. ಕಟ್ಟೆಯ ಮೇಲಿದ್ದವರಿಗೆ ಅದು ಕೇಳಿಸಲಿಲ್ಲ.

ಈಗ ದಾನಿಗಳಿಗೆ. ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಬಹುಪಾಲು ಜಕಾತಿನ ಹಣ. ಅದು ಹಕ್ಕುದಾರನ ಕೈಗೆ ಅವನದೇ ಸ್ವತ್ತಾಗಿ ಸೇರಬೇಕು ಎಂಬುದು ನಮ್ಮ ಹನಫಿ ಉಲಮಾಗಳ ಶರತ್ತು. ಹಾಗಾಗಿ ಆ ಹಣವನ್ನು ತಂಡದ ಬಂಡವಾಳ ಎಂದು ತಿರುಗಿಸಲು ಬರುವುದಿಲ್ಲ, ನಾನು ಅದನ್ನು ಕೇಳುವುದೂ ಇಲ್ಲ. ಫೀ ಬಾಕಿ ಇದ್ದ ಮನೆಗೆ ಮೊದಲು ಫೀ. ನಾನು ಕೇಳುವುದು ಲಿಲ್ಲಾಹ್ ಹಣದಲ್ಲಿ ಒಂದು ಸಣ್ಣ ಪ್ರತ್ಯೇಕ ಖಾತೆ. ಅದರಿಂದ ತಂಡಕ್ಕೆ 10,000 ರೂಪಾಯಿಗೆ ಮೀರದಂತೆ ಕರ್ಜೆ ಹಸನಾ. ಬಡ್ಡಿ ಇಲ್ಲ. ಮಾಲು ಮಾರಿದರೆ ಹಣ ವಾಪಸು, ಮುಂದಿನ ತಂಡಕ್ಕೆ. ಪ್ರಾಮಾಣಿಕವಾಗಿ ಸೋತರೆ ಮಾಫಿ, ಆದರೆ ವಹಿ ತಂದು ಒಪ್ಪಿಸಲೇಬೇಕು. ವಹಿ ಇಲ್ಲದ ಸೋಲಿಗೆ ಮಾಫಿ ಇಲ್ಲ.

ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಚಿಟ್ಟಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಾಗ, ಪಕ್ಕದ ಜೋಬ್ರಾ ಎಂಬ ಹಳ್ಳಿಯಲ್ಲಿ ಸಾಹುಕಾರರ ಕೈಗೆ ಸಿಕ್ಕಿದ್ದವರ ಪಟ್ಟಿ ಮಾಡಿಸಿದರು. 42 ಜನ, ಎಲ್ಲ ಸೇರಿ ಬೇಕಾಗಿದ್ದದ್ದು 27 ಡಾಲರು. ಮುಂದೆ ಅವರು ಕಟ್ಟಿದ ಗ್ರಾಮೀಣ ಬ್ಯಾಂಕಿಗೂ ಅವರಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಬ್ಯಾಂಕು ಬಡ್ಡಿಯ ಮೇಲೆ ನಡೆಯುತ್ತದೆ, ಅದನ್ನು ನಾವು ತೆಗೆದುಕೊಳ್ಳುವುದು ಬೇಡ. ನನಗೆ ಬೇಕಾದದ್ದು ಆ ಪಟ್ಟಿ. ಪಾಠ ಹೇಳುವವರು ಕೊಠಡಿ ಬಿಟ್ಟು ಹೋಗಿ ಮಾಡಿದ ಪಟ್ಟಿ. ನಮ್ಮ ಮಕ್ಕಳೂ ಇಂಥ ಪಟ್ಟಿಯನ್ನು ನವಲಗುಂದದ ಓಣಿಗಳಲ್ಲಿ ಮಾಡಬಲ್ಲರು.

ಎಲ್ಲ ಮಕ್ಕಳೂ ಉದ್ಯಮಿಗಳಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ನೌಕರಿಗೇ ಹೋಗುತ್ತಾರೆ, ಹೋಗಲಿ. ಪರೀಕ್ಷೆಯ ತಿಂಗಳು ಬಂದರೆ ನಾನೇ ಪಾಕೀಟು ಕಸಿದುಕೊಂಡು ಪುಸ್ತಕ ಕೊಡುತ್ತೇನೆ.

ಬಾಗಿಲ ಹತ್ತಿರ ಕೇಳಿದ ಆ ಹಿರಿಯರಿಗೆ, ಭಾಯಿಸಾಬ್, ನೀವು ನಲವತ್ತು ವರ್ಷ ಸಂತೆಯಲ್ಲಿ ಕೂತದ್ದು ಬೇರೆ ದಾರಿ ಇಲ್ಲದೆ. ನಿಮ್ಮ ಮಗ ನಾಲ್ಕು ವಾರ ಕೂತದ್ದು, ಆ ವಿದ್ಯೆ ಏನೆಂದು ನೋಡಿಕೊಂಡು ಬರಲು. ಅವನು ಮೊದಲ ಲೆಕ್ಕ ತಪ್ಪಿದ ದಿನ ಮನೆಗೆ ಬಂದು ನಿಮ್ಮನ್ನು ಕೇಳಿದನೆ ಎಂದು ನಾನು ವಿಚಾರಿಸಿದ್ದೆ. "ಅಬ್ಬಾ ಬೈತಾರ್ ಸರ" ಎಂದ. ಮುಂದಿನ ತಿಂಗಳು ನಮ್ಮ ಹೊಸ ತಂಡಗಳು ಮೊದಲ ಸಲ ಬೆಲೆ ಕಟ್ಟಲು ಕೂಡುತ್ತವೆ. ಆ ದಿನ ನೀವು ಬರಬೇಕು, ಒಂದು ತಾಸು ಸಾಕು. ತೂಕ ಎಲ್ಲೆಲ್ಲಿ ಇಳಿಯುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಿ. ಬಸ್ಸಿನ ಖರ್ಚು ನಮ್ಮದು.

ತಂಡಕ್ಕೆ ಸೇರಬಯಸುವ ವಿದ್ಯಾರ್ಥಿಗಳು ಊಟಕ್ಕೆ ಹೋಗುವ ಮುಂಚೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು, ಊರು, ಓದುತ್ತಿರುವ ವರ್ಷ ಬರೆಸಿ. ತಂದೆ ಅಥವಾ ತಾಯಿಯ ಸಹಿ ಬೇಕು, ಅವರು ಇಲ್ಲೇ ಇದ್ದಾರೆ.

ವಸ್ಸಲಾಮ್.