ಗೊಂಬೆಯ ಕತ್ತಿನಲ್ಲಿ ಕಾಣುವ ಗೆರೆ

(ಹವ್ಯಾಸಿ ಗೊಂಬೆ ತಯಾರಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಗೇಣುದ್ದದ ಪ್ಲಾಸ್ಟಿಕ್ ವೀರನ ಕೆನ್ನೆಗೆ ಯಾವ ಬಣ್ಣ ಬಳಿಯಬೇಕು ಎಂಬುದಕ್ಕೂ ಒಂದು ಭಾಷಣವೇ? ಆದರೆ ಕೈಯಲ್ಲಿ ಕುಂಚ ಹಿಡಿದು ಈ ಪ್ರಶ್ನೆ ಕೇಳಿಕೊಂಡವರಿಗೆ ಗೊತ್ತು, ಅದು ನಮ್ಮನ್ನು ಬಣ್ಣದ ಅಂಗಡಿಯಿಂದ ಬಹಳ ದೂರ ಕರೆದೊಯ್ಯುತ್ತದೆ.

ಹೊಸದಾಗಿ ಬಂದವರಿಗಾಗಿ ಎರಡು ಮಾತು. 'ಆ್ಯಕ್ಷನ್ ಫಿಗರ್' ಎಂದರೆ ಕೀಲುಗಳಲ್ಲಿ ಕೈಕಾಲು ಮಡಚುವ ಗೊಂಬೆ. ಅಮೆರಿಕದ ಹ್ಯಾಸ್‌ಬ್ರೊ ಕಂಪನಿ 1964ರಲ್ಲಿ ಜಿ.ಐ. ಜೋ ಎಂಬ ಸೈನಿಕನನ್ನು ಮಾರುಕಟ್ಟೆಗೆ ತಂದಾಗ, 'ಗೊಂಬೆ' ಎಂದರೆ ಗಂಡುಹುಡುಗರು ಮುಟ್ಟಲಾರರೆಂಬ ಅಂಜಿಕೆಯಿಂದ ಹುಟ್ಟಿದ ಹೆಸರು ಇದು. ಕೊಂಡದ್ದನ್ನು ಹಾಗೆಯೇ ಇಟ್ಟುಕೊಳ್ಳದೆ, ಒಂದರ ತಲೆ, ಇನ್ನೊಂದರ ಮುಂಡ, ಮತ್ತೊಂದರ ಕೈ ಜೋಡಿಸಿ ತನಗೆ ಬೇಕಾದ ಪಾತ್ರ ಮಾಡಿಕೊಳ್ಳುವುದು ಈ ಹವ್ಯಾಸದ ಜೀವಾಳ. ಗಣಪತಿಯ ಕಥೆ ಬಲ್ಲ ನಮಗೆ ತಲೆ ಬದಲಿಸುವುದು ಹೊಸದೇನಲ್ಲ. ಆದರೆ ಗಣಪತಿಗೆ ಬಾರದ ತೊಂದರೆಯೊಂದು ಇಲ್ಲಿ ಬರುತ್ತದೆ. ತಲೆಯ ಬಣ್ಣಕ್ಕೂ ಮೈಯ ಬಣ್ಣಕ್ಕೂ ಹೊಂದುವುದಿಲ್ಲ. ಕತ್ತಿನ ಬಳಿ ಒಂದು ಗೆರೆ ಎದ್ದು ಕಾಣುತ್ತದೆ. ಆ ಗೆರೆಯನ್ನು ಅಳಿಸುವುದೇ ನಮ್ಮ ಕೆಲಸ.

ಹೊಸಬರು ಮೊದಲು ಅಂಗಡಿಗೆ ಹೋಗಿ 'ಮೈಬಣ್ಣ'ದ ಸೀಸೆಯನ್ನೇ ಕೇಳುತ್ತಾರೆ. ಸಿಗುತ್ತದೆ. ಬ್ರಿಟನ್ನಿನ ಹಂಬ್ರಾಲ್ ಬಣ್ಣಗಳಲ್ಲಿ 61ನೇ ಸಂಖ್ಯೆಯದು 'ಫ್ಲೆಶ್'. ಜಪಾನಿನ ತಮಿಯಾದ ಎಕ್ಸ್‌ಎಫ್-15 'ಫ್ಲಾಟ್ ಫ್ಲೆಶ್'. ಯಾರ ಮೈ ಎಂದು ಡಬ್ಬಿ ಹೇಳುವುದಿಲ್ಲ. ಮುಚ್ಚಳ ತೆಗೆದರೆ ಎರಡರಲ್ಲೂ ಇರುವುದು ಬಿಳಿಯರ ಕೆನ್ನೆಯ ತಿಳಿ ಬಣ್ಣ. ಕ್ರಯೋಲಾ ಕಂಪನಿ ತನ್ನ ಮೇಣದ ಕಡ್ಡಿಯೊಂದಕ್ಕೆ ಇಟ್ಟಿದ್ದ 'ಫ್ಲೆಶ್' ಎಂಬ ಹೆಸರನ್ನು 1962ರಲ್ಲಿ ತೆಗೆದು 'ಪೀಚ್' ಎಂದು ಕರೆಯಿತು. ಹಣ್ಣಿನ ಹೆಸರು ಯಾವ ಮಗುವನ್ನೂ ಹೊರಗಿಡುವುದಿಲ್ಲವಲ್ಲ! ಹಲವು ಮೈಬಣ್ಣಗಳ ಪೆಟ್ಟಿಗೆಯನ್ನು ಅದೇ ಕಂಪನಿ 1992ರಲ್ಲಿ ತಂದಿತು; 24 ಛಾಯೆಗಳ ಪೆಟ್ಟಿಗೆ 2020ರಲ್ಲಿ ಬಂತು.

ಗೊಂಬೆಗಳ ಕಥೆಯೂ ಇದೇ ದಾರಿಯಲ್ಲಿ ಸಾಗಿದೆ. 1965ರಲ್ಲಿ ಕರಿಯ ಜಿ.ಐ. ಜೋ ಬಂದ. ತಲೆಯ ಅಚ್ಚು ಮಾತ್ರ ಬಿಳಿಯ ಜೋನದೇ, ಬಣ್ಣವಷ್ಟೇ ಕಂದು. 1967ರಲ್ಲಿ ಮ್ಯಾಟೆಲ್ ಕಂಪನಿ ಬಾರ್ಬಿಯ ಬಂಧು ಫ್ರಾನ್ಸಿಯನ್ನು ಕಪ್ಪು ಹುಡುಗಿಯಾಗಿ ತಂದಾಗಲೂ ಅದೇ ಯುಕ್ತಿ. ಅಚ್ಚು ಕೊರೆಸುವುದು ದುಬಾರಿ, ಬಣ್ಣ ಬದಲಿಸುವುದು ಅಗ್ಗ. ವ್ಯಾಪಾರದ ಲೆಕ್ಕಕ್ಕೆ ಇದು ಸರಿ. ಆದರೆ ಮೂಗು, ತುಟಿ, ದವಡೆ ಎಲ್ಲವೂ ಬಿಳಿಯನದೇ ಆಗಿ ಮೇಲೆ ಕಂದು ಬಳಿದಾಗ, ಆ ಗೊಂಬೆ ಯಾರದು?

ಈ ಪ್ರಶ್ನೆಗೆ ಉತ್ತರ ಬಂದದ್ದು ಲಾಸ್ ಏಂಜಲೀಸ್ ನಗರದ ಕಪ್ಪು ಜನರ ಬಡಾವಣೆಗಳಿಂದ. 1965ರ ವಾಟ್ಸ್ ದಂಗೆಯ ನಂತರ ಅಲ್ಲಿ ಹುಟ್ಟಿದ ಆಪರೇಷನ್ ಬೂಟ್‌ಸ್ಟ್ರ್ಯಾಪ್ ಎಂಬ ಸ್ವಸಹಾಯ ಸಂಸ್ಥೆ 1968ರಲ್ಲಿ 'ಶಿಂದಾನಾ' ಎಂಬ ಗೊಂಬೆ ಕಂಪನಿ ಕಟ್ಟಿತು. ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ಸ್ಪರ್ಧಿಸುವುದು ಎಂಬ ಅರ್ಥವಿದೆ. ಅವರ ಮೊದಲ ಗೊಂಬೆ 'ಬೇಬಿ ನ್ಯಾನ್ಸಿ'ಗೆ ಮುಖವನ್ನೇ ಹೊಸದಾಗಿ ಕೆತ್ತಿಸಿದರು. ಕಂಪನಿ 1983ರಲ್ಲಿ ಮುಚ್ಚಿತು. ನ್ಯಾನ್ಸಿಗೆ 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆಟಿಕೆಗಳ ಗೌರವ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು.

ಇಷ್ಟು ಚಿಂತೆ ಏಕೆ ಎಂದು ಕೇಳುವವರು ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಯ ಪ್ರಯೋಗವನ್ನು ನೆನೆಯಬೇಕು. 1940ರ ದಶಕದಲ್ಲಿ ಈ ಮನಶ್ಶಾಸ್ತ್ರಜ್ಞರು ಬಣ್ಣವೊಂದನ್ನು ಬಿಟ್ಟರೆ ಒಂದೇ ತೆರನಾದ ಗೊಂಬೆಗಳನ್ನು ಕಪ್ಪು ಮಕ್ಕಳ ಮುಂದಿಟ್ಟು, ಯಾವುದು ಒಳ್ಳೆಯದು, ಯಾವುದು ನಿನ್ನ ಹಾಗಿದೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಒಳ್ಳೆಯದೆಂದು ತೋರಿಸಿದ್ದು ಬಿಳಿಯ ಗೊಂಬೆಯನ್ನು. 'ನಿನ್ನ ಹಾಗಿರುವುದು ಯಾವುದು' ಎಂಬ ಪ್ರಶ್ನೆಗೆ ಕೆಲವು ಮಕ್ಕಳು ಅತ್ತರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಕೆಲಸದ ಉಲ್ಲೇಖವಿದೆ.

ಈಗ ಕುಂಚಕ್ಕೆ ಬರೋಣ. ಕೆಲಸ ಶುರು ಮಾಡುವ ಮೊದಲು ನಮ್ಮ ಪತ್ರಿಕೆಗಳ 'ಕಾಣೆಯಾಗಿದ್ದಾರೆ' ಪ್ರಕಟಣೆಗಳನ್ನು ಓದಿ ಎಂದು ನಾನು ಹೇಳುವುದುಂಟು. ಕೋಲು ಮುಖ, ಗೋಧಿ ಮೈಬಣ್ಣ; ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ; ಸಾಧಾರಣ ಮೈಕಟ್ಟು, ಕಪ್ಪು ಬಣ್ಣ. ಗುರುತು ಹಿಡಿಯಲೇಬೇಕಾದ ಅಗತ್ಯ ಬಿದ್ದಾಗ ಭಾಷೆ ಎಷ್ಟು ಎಚ್ಚರದಿಂದ ನೋಡುತ್ತದೆ! ಅದರಲ್ಲೂ 'ಎಣ್ಣೆಗೆಂಪು' ಎಂಬ ಮಾತು ನನಗೆ ಬಹಳ ಇಷ್ಟ. ಅದರಲ್ಲಿ ಎರಡು ಸಂಗತಿಗಳಿವೆ: ಕೆಂಪು ಬಣ್ಣದ ಮಾತು, ಎಣ್ಣೆ ಹೊಳಪಿನ ಮಾತು. ಹೊಳಪಿಗೆ ಆಮೇಲೆ ಬರುತ್ತೇನೆ.

ಚರ್ಮದ ಬಣ್ಣವನ್ನು ನಿರ್ಧರಿಸುವುದು ಮುಖ್ಯವಾಗಿ ಮೆಲನಿನ್ ಎಂಬ ಕಂದು ವರ್ಣದ್ರವ್ಯ, ಅದರ ಕೆಳಗೆ ಹರಿಯುವ ರಕ್ತದ ಕೆಂಪು, ಒಂದಿಷ್ಟು ಹಳದಿ. ಯಾವ ದೇಶದವರಾದರೂ ಈ ಸಾಮಗ್ರಿಗಳು ಇವೇ, ಪ್ರಮಾಣ ಬೇರೆ. ಹಾಗಾಗಿ ಬಣ್ಣಗಾರನ ಕಣ್ಣಿಗೆ ಮನುಷ್ಯರೆಲ್ಲರೂ ಕಿತ್ತಳೆಯ ಬೇರೆ ಬೇರೆ ಮಟ್ಟಗಳು: ಕೆಲವು ತೆಳು, ಕೆಲವು ಗಾಢ. ಮೈಬಣ್ಣದ ಇಪ್ಪತ್ತು ಸೀಸೆ ಕೊಳ್ಳಬೇಕಿಲ್ಲ. ಹಳದಿ ಕಾವಿ, ಸುಟ್ಟ ಸಿಯೆನ್ನಾ, ಸುಟ್ಟ ಅಂಬರ್, ಬಿಳಿ, ಒಂದು ಹನಿ ಅಲ್ಟ್ರಾಮರೀನ್ ನೀಲಿ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಗೋಧಿ ಬಣ್ಣಕ್ಕೆ ಕಾವಿ ಮತ್ತು ಸಿಯೆನ್ನಾ ಮುಂದಿರಲಿ, ಬಿಳಿ ಹಿಂದಿರಲಿ. ಕಪ್ಪು ಮೈಗೆ ಅಂಬರ್‌ನಿಂದ ಆರಂಭಿಸಿ, ಗಾಢ ಮಾಡಲು ನೀಲಿ ಬೆರೆಸಿ. ಕರಿ ಬಣ್ಣದ ಸೀಸೆಯನ್ನು ಮಾತ್ರ ದಯವಿಟ್ಟು ದೂರ ಇಡಿ. ಅದು ಮೈಯನ್ನು ಬೂದಿ ಮಾಡುತ್ತದೆ. ತಿಳಿ ಮಾಡಲು ಬರೀ ಬಿಳಿ ಸುರಿದರೂ ಸುಣ್ಣ ಬಳಿದಂತಾಗುತ್ತದೆ, ಜೊತೆಗೆ ಸ್ವಲ್ಪ ಕಾವಿ ಬೇಕು. ಕಪ್ಪು ಮೈಯವರ ಅಂಗೈ ತಿಳಿಯಾಗಿರುವುದನ್ನು ಮರೆತವರೇ ಹೆಚ್ಚು.

ಇನ್ನು ಪ್ಲಾಸ್ಟಿಕ್ಕಿನ ಹಟ. ಕಾರ್ಖಾನೆಯ ಗೊಂಬೆಯ ಕೈಗಳಿಗೆ ಎಷ್ಟೋ ಸಲ ಬಣ್ಣ ಬಳಿದಿರುವುದೇ ಇಲ್ಲ, ಪ್ಲಾಸ್ಟಿಕ್ಕಿನಲ್ಲೇ ಬಣ್ಣ ಬೆರೆತಿರುತ್ತದೆ. ಬೆಳಕು ಅದರೊಳಗೆ ತುಸು ಇಳಿದು ಹೊರಬರುತ್ತದೆ, ನಮ್ಮ ಚರ್ಮದಲ್ಲೂ ಹಾಗೆಯೇ. ಬಳಿದ ಬಣ್ಣ ಬೆಳಕನ್ನು ಮೇಲೆಯೇ ತಡೆಯುತ್ತದೆ. ಆದ್ದರಿಂದ ಎರಡೂ ಒಂದೇ ಛಾಯೆಯವಾದರೂ ಬಳಿದ ಮುಖ ಸತ್ತಂತೆ ಕಾಣುತ್ತದೆ. ನೀರಾಗಿಸಿದ ಅಕ್ರಿಲಿಕ್ ಬಣ್ಣವನ್ನು ಪದರ ಪದರವಾಗಿ ಹಚ್ಚುವುದೇ ಇದಕ್ಕೆ ಮದ್ದು. ಎನಾಮೆಲ್ ಬಣ್ಣ ಮೆತು ವಿನೈಲ್ ಮೇಲೆ ತಿಂಗಳುಗಟ್ಟಲೆ ಅಂಟಂಟಾಗಿಯೇ ಉಳಿಯಬಹುದು. ಬಳಿಯುವ ಮುನ್ನ ಸೋಪಿನ ನೀರಿನಲ್ಲಿ ತೊಳೆಯಿರಿ, ಅಚ್ಚಿನ ಜಿಡ್ಡು ಹೋಗಲಿ.

ಅಕ್ರಿಲಿಕ್ ಒಣಗಿದ ಮೇಲೆ ತುಸು ಗಾಢವಾಗುತ್ತದೆ. ಹಸಿಯಾಗಿದ್ದಾಗ ಹೊಂದಿತೆಂದು ಕುಣಿಯಬೇಡಿ. ತಲೆಯೊಳಗೆ ಸೇರಿಕೊಂಡು ಕಾಣದಾಗುವ ಕತ್ತಿನ ಗೂಟದ ಮೇಲೆ ಒಂದು ಚುಕ್ಕೆ ಇಟ್ಟು, ಒಣಗಿಸಿ, ಬಿಸಿಲಲ್ಲೊಮ್ಮೆ, ದೀಪದ ಬೆಳಕಿನಲ್ಲೊಮ್ಮೆ ನೋಡಿ. ಒಂದು ಬೆಳಕಿನಲ್ಲಿ ಅವಳಿಗಳಂತೆ ಕಂಡ ಎರಡು ಬಣ್ಣಗಳು ಇನ್ನೊಂದರಲ್ಲಿ ಅಪರಿಚಿತರಾಗುತ್ತವೆ. ಸೀರೆ ಕೊಳ್ಳುವವರು ಅಂಗಡಿಯ ಬಾಗಿಲಿಗೆ ಬಂದು ಸೆರಗನ್ನು ಹಗಲಿಗೆ ಹಿಡಿಯುವುದು ಇದಕ್ಕೇ ಅಲ್ಲವೇ?

ತಲೆಯನ್ನು ಮೈಗೆ ಹೊಂದಿಸಬೇಕೋ, ಮೈಯನ್ನು ತಲೆಗೋ? ತಲೆಯನ್ನೇ ಮೈಗೆ ಹೊಂದಿಸಿ. ಮೊಣಕೈ, ಮೊಣಕಾಲಿನ ಕೀಲುಗಳು ಉಜ್ಜಾಡಿ ಬಣ್ಣ ಎದ್ದುಹೋಗುತ್ತದೆ. ಕಪ್ಪು ವೀರ ಬೇಕೆಂದು ಗುಲಾಬಿ ಪ್ಲಾಸ್ಟಿಕ್ಕಿನ ಮೈಗೆ ಕಂದು ಬಳಿದರೆ, ನಾಲ್ಕು ದಿನದ ಆಟದಲ್ಲಿ ಕೀಲುಕೀಲಿನಲ್ಲೂ ಗುಲಾಬಿ ಇಣುಕುತ್ತದೆ. ಮೊದಲೇ ಕಂದು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಮೈಯನ್ನು ಹುಡುಕಿ ತನ್ನಿ. ಸಿಗದಿದ್ದರೆ ತುಂಬುತೋಳಿನ ಅಂಗಿ ತೊಡಿಸಿ. ಮುಖವನ್ನೂ ನೋಡಿಯೇ ಆರಿಸಿ. ಮೂಗು ತುಟಿ ಒಪ್ಪದ ತಲೆಯನ್ನು ಯಾವ ಬಣ್ಣವೂ ಸರಿಪಡಿಸದು.

ಕೊನೆಯದು ಹೊಳಪು. ಬಣ್ಣ ಕೀಳದಿರಲೆಂದು ಮೇಲೆ ವಾರ್ನಿಷ್ ಹಚ್ಚುತ್ತೇವೆ. ಹೊಳಪಿಲ್ಲದ ವಾರ್ನಿಷ್ ತಿಳಿ ಮುಖಕ್ಕೆ ಹೊಂದುತ್ತದೆಂದು ಎಲ್ಲ ಮುಖಕ್ಕೂ ಅದನ್ನೇ ಹಚ್ಚುವುದು ರೂಢಿ. ಗಾಢ ಬಣ್ಣದ ಮೇಲೆ ಅದು ಧೂಳು ಕೂತಂತೆ ಮಂಕಾಗುತ್ತದೆ. ಅಲ್ಲಿ ಅರೆಹೊಳಪಿನದನ್ನು ಬಳಸಿ. ಅದು ಒಣಗಿದ ಮೇಲೆ ಹಣೆ, ಮೂಗಿನ ತುದಿ, ಕೆನ್ನೆಯ ಏರಿನ ಮೇಲೆ ಇನ್ನೊಂದು ತೆಳು ಪದರ ಎಳೆದು ನೋಡಿ; ಎಣ್ಣೆಗೆಂಪಿನ ಆ ಎಣ್ಣೆ ಅಲ್ಲಿ ಬಂದು ಕೂರುತ್ತದೆ.