ಕೀಲಿ ಕೊಡುವ ಕೈ



1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ನಮ್ಮ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. 2016ರಲ್ಲಿ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆದರೂ ನಮ್ಮ ಜಯನಗರದ ಮನೆಗಳಲ್ಲಿ 'ಜನತಾ' ಗಡಿಯಾರಗಳು ಇನ್ನೂ ನಡೆಯುತ್ತಿವೆ. ಅವಕ್ಕೆ ಬ್ಯಾಟರಿ ಬೇಡ. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು. ಬಿಗಿದ ಸುರುಳಿಯು ಮೆಲ್ಲನೆ ಸಡಿಲುತ್ತಾ ಮುಳ್ಳುಗಳನ್ನು ನಡೆಸುತ್ತದೆ.

ಒಮ್ಮೆ ಮಗನೊಬ್ಬರು ನಮ್ಮ ಬಳಿ ಬಂದು, "ಸ್ವಾಮಿಗಳೇ, ಅಪ್ಪ ತೀರಿಕೊಂಡ ಮರುದಿನವೇ ಅವರ ಗಡಿಯಾರವೂ ನಿಂತಿತು" ಎಂದು ಕಣ್ಣೀರಿಟ್ಟರು. ನಾವು ಕೀಲಿ ಕೊಟ್ಟೆವು, ಅದು ನಡೆಯಿತು. ಕೆಟ್ಟಿರಲಿಲ್ಲ, ಕೀಲಿ ಕೊಡುವ ಕೈ ಇರಲಿಲ್ಲ.

ಬಂಧುಗಳೇ, ಹಿರಿಯರ ವಸ್ತುಗಳು ಬಾಳುವುದು ನಿತ್ಯದ ಆರೈಕೆಯಿಂದ. ಅಣ್ಣತಮ್ಮಂದಿರ ನಡುವೆ ನಿಂತುಹೋದ ಮಾತೂ ಎಷ್ಟೋ ವೇಳೆ ಹಾಗೆಯೇ. ಇಂದು ಸಂಜೆಯೇ ನೀವು ಮೊದಲು ಮಾತನಾಡಿಸಿರಿ.