ಶಿವನಸಮುದ್ರದ ವಿದ್ಯುಚ್ಛಕ್ತಿ
(ಸುತ್ತೂರಿನ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ವಿಷಯವು ಬಹು ವಿಸ್ತಾರವಾದುದು. ಇಟಲಿಯ ವೋಲ್ಟಾ ಎಂಬವನು ೧೮೦೦ರಲ್ಲಿ ನಿರ್ಮಿಸಿದ ವಿದ್ಯುತ್ಕೋಶದಿಂದ ಹೊರಟು ಇಂದಿನ ಗಣಕಯಂತ್ರದವರೆಗೆ ಬರಬೇಕಾದರೆ ಒಂದು ಸಂಜೆ ಸಾಲದು. ಆದುದರಿಂದ ನಮ್ಮ ಎದುರಿಗೇ ಹರಿಯುತ್ತಿರುವ ಕಪಿಲೆಯಿಂದ ಆರಂಭಿಸುವುದು ಯುಕ್ತವೆಂದು ಭಾವಿಸಿದ್ದೇನೆ.

ಇಲ್ಲಿಂದ ಮುಂದಕ್ಕೆ ಸಾಗಿದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವಳು. ಕೂಡಿದ ನೀರು ತಲಕಾಡಿನ ಮರಳದಿಣ್ಣೆಗಳನ್ನು ಬಳಸಿ, ಶಿವನಸಮುದ್ರದಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳೆಂಬ ಹೆಸರಿನಿಂದ ಕೆಳಗೆ ಧುಮುಕುವುದು. ಸಾವಿರಾರು ವರ್ಷಗಳ ಕಾಲ ಜನರು ಅದನ್ನು ನೋಡಿ ಕೈಮುಗಿದು ಬಂದರು; ಆ ಬೀಳುವಿಕೆಯಲ್ಲಿ ದುಡಿಮೆಗೆ ಒದಗುವ ಬಲವಿದೆಯೆಂದು ಲೆಕ್ಕ ಹಾಕಿದವರು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯವರು.

ನೀರಿನಿಂದ ಚಕ್ರವನ್ನು ತಿರುಗಿಸುವುದು ಹೊಸ ವಿದ್ಯೆಯಲ್ಲ. ಅಯಸ್ಕಾಂತದ ಬಳಿಯಲ್ಲಿ ತಂತಿಯ ಸುರುಳಿ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ೧೮೩೧ರಲ್ಲಿಯೇ ತೋರಿಸಿದ್ದನು. ಕಷ್ಟವಿದ್ದುದು ಬೇರೆ ಕಡೆ. ಹುಟ್ಟಿದ ಶಕ್ತಿಯನ್ನು ದೂರಕ್ಕೆ ಒಯ್ಯುವುದು ಹೇಗೆ? ತಂತಿಯಲ್ಲಿ ಪ್ರವಾಹ ಹೆಚ್ಚಿದಷ್ಟೂ ತಂತಿಯು ಕಾಯುವುದು. ಕಾದಷ್ಟೂ ಶಕ್ತಿಯು ದಾರಿಯಲ್ಲಿಯೇ ವ್ಯರ್ಥವಾಗುವುದು. ಇದಕ್ಕೆ ದೊರೆತ ಉಪಾಯವು ಬಹು ಸೊಗಸಾದುದು. ವಿದ್ಯುತ್ತಿನ ಒತ್ತಡವನ್ನು ಹತ್ತರಷ್ಟು ಏರಿಸಿದರೆ, ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತರಲ್ಲೊಂದು ಪ್ರವಾಹ ಸಾಕು. ಆಗ ಅದೇ ತಂತಿಯಲ್ಲಿ ನಷ್ಟವು ನೂರರಲ್ಲೊಂದಕ್ಕೆ ಇಳಿಯುವುದು. ಒತ್ತಡವನ್ನು ಇಲ್ಲಿ ಏರಿಸಿ ಅಲ್ಲಿ ಇಳಿಸುವ ಕೆಲಸವನ್ನು ಪರ್ಯಾಯ ಪ್ರವಾಹದ ಟ್ರಾನ್ಸ್‌ಫಾರ್ಮರು ಮಾಡುವುದು. ಜರ್ಮನಿಯಲ್ಲಿ ೧೮೯೧ರಲ್ಲಿ ಲಾಫೆನ್ ಎಂಬ ಊರಿನಿಂದ ಫ್ರಾಂಕ್‌ಫರ್ಟಿನವರೆಗೆ ಹೀಗೆ ಶಕ್ತಿಯನ್ನು ಸಾಗಿಸಿ ತೋರಿಸಿದರು. ಅದಾದ ಹನ್ನೊಂದೇ ವರ್ಷಕ್ಕೆ ಮೈಸೂರು ಸಂಸ್ಥಾನವು ಆ ಸಾಹಸಕ್ಕೆ ಕೈಹಾಕಿ ಗೆದ್ದಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಆಗ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದರು, ಸರ್ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದರು. ಕೋಲಾರದ ಚಿನ್ನದ ಗಣಿಗಳು ಸೌದೆ ಕಲ್ಲಿದ್ದಲುಗಳನ್ನು ಉರಿಸಿ ಉಗಿಯಂತ್ರಗಳನ್ನು ನಡೆಸುತ್ತಿದ್ದವು, ವೆಚ್ಚ ವಿಪರೀತವಾಗಿತ್ತು. ಜೋಲಿ ದ ಲಾಟ್‌ಬಿನಿಯೇರ್ ಎಂಬ ಇಂಜನಿಯರು ಯೋಜನೆಯನ್ನು ಸಿದ್ಧಪಡಿಸಿದರು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ನೀರಿನ ಚಕ್ರಗಳು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ಬಂದವು. ಶಿವನಸಮುದ್ರಕ್ಕೆ ರೈಲಿಲ್ಲ. ಸಮುದ್ರಗಳನ್ನು ದಾಟಿ ಬಂದ ಆ ಭಾರಗಳನ್ನು ಕೊನೆಯ ಹಾದಿಯಲ್ಲಿ ಎಳೆದು ತಂದದ್ದು ನಮ್ಮ ಎತ್ತುಗಳು, ಆನೆಗಳು. ನೂತನ ಯುಗವನ್ನು ಎತ್ತಿನ ಗಾಡಿಯೇ ಹೊತ್ತು ತಂದಿತೆಂದು ನೆನೆದಾಗಲೆಲ್ಲ ನನಗೆ ಆ ಮೂಕಪ್ರಾಣಿಗಳ ವಿಷಯದಲ್ಲಿ ಗೌರವವುಂಟಾಗುವುದು.

೧೯೦೨ನೆಯ ಇಸವಿ ಜೂನ್ ೩೦ರಂದು ಶಕ್ತಿಯು ಸುಮಾರು ೯೨ ಮೈಲಿಗಳ ತಂತಿಯಲ್ಲಿ ಹರಿದು ಕೋಲಾರದ ಗಣಿಗಳನ್ನು ಮುಟ್ಟಿತು. ಮೊದಲ ಸ್ಥಾಪನೆ ಸುಮಾರು ೬,೦೦೦ ಕುದುರೆಬಲದ್ದು. ತಂತಿಯ ಒತ್ತಡ ೩೦,೦೦೦ ವೋಲ್ಟುಗಳಿಗೆ ಕಡಿಮೆಯಿಲ್ಲದ್ದು. ಆ ಕಾಲಕ್ಕೆ ಪ್ರಪಂಚದ ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲಿ ಇದೊಂದು. ಜಲವಿದ್ಯುತ್ತಿನಲ್ಲಿ ಇಂಡಿಯಕ್ಕೆಲ್ಲ ನಾವೇ ಮೊದಲಿಗರೆಂದು ಅಭಿಮಾನದಿಂದ ಹೇಳುವವರುಂಟು, ಅದು ಸರಿಯಲ್ಲ. ೧೮೯೭ರಲ್ಲಿಯೇ ಡಾರ್ಜಿಲಿಂಗಿನಲ್ಲಿ ಚಿಕ್ಕದೊಂದು ಜಲವಿದ್ಯುದಾಗಾರ ಆರಂಭವಾಗಿತ್ತು. ನಮ್ಮದು ದೊಡ್ಡದು, ದೂರ ಹೋದದ್ದು. ಅಷ್ಟು ಹೆಗ್ಗಳಿಕೆ ಸಾಕು. ಶೇಷಾದ್ರಿ ಅಯ್ಯರವರು ಮಾತ್ರ ಇದನ್ನು ಕಣ್ಣಾರೆ ಕಾಣಲಿಲ್ಲ. ೧೯೦೧ರಲ್ಲಿಯೇ ಅವರು ತೀರಿಕೊಂಡಿದ್ದರು.

ಇನ್ನು ಮನಸ್ಸಿನಲ್ಲಿ ಬಹು ದಿನಗಳಿಂದ ಇರುವ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಶಕ್ತಿಯು ಮೊದಲು ಹೋದದ್ದು ಚಿನ್ನದ ಗಣಿಗೆ. ೧೯೦೫ರಲ್ಲಿ ಬೆಂಗಳೂರಿಗೆ, ೧೯೦೮ರಲ್ಲಿ ಮೈಸೂರಿಗೆ. ನಾನು ಹುಟ್ಟಿದ್ದು ಇದೇ ಕಪಿಲೆಯ ದಡದ ಒಂದು ಹಳ್ಳಿಯಲ್ಲಿ. ಶಿವನಸಮುದ್ರದ ಚಕ್ರ ತಿರುಗಲಾರಂಭಿಸಿ ಐವತ್ತು ವರ್ಷಗಳು ಕಳೆದ ಮೇಲೂ ನಾನು ಸೀಮೆಯೆಣ್ಣೆಯ ಬುಡ್ಡಿಯ ಮುಂದೆ ಕುಳಿತು ಓದುತ್ತಿದ್ದೆನು. ಊರಿನ ಹಿರಿಯರು ಅರ್ಜಿಯ ಮೇಲೆ ಅರ್ಜಿ ಬರೆಸಿದರು. ನಮ್ಮ ಅಜ್ಜಿ ಒಮ್ಮೆ, “ನಮ್ಮ ಹೊಳೆಯ ನೀರಲ್ಲಿ ಹುಟ್ಟಿದ ದೀಪಕ್ಕೆ ನಮ್ಮೂರ ದಾರಿಯೇ ಗೊತ್ತಾಗಲಿಲ್ಲವೇನಪ್ಪ?” ಎಂದು ಕೇಳಿದಳು. ನಾನು ಆಮೇಲೆ ಇಂಜನಿಯರನಾದೆನು. ಆದರೂ ಆಕೆಗೆ ತೃಪ್ತಿಕರವಾದ ಉತ್ತರವನ್ನು ಕೊಡಲಾಗಲಿಲ್ಲ.

ಲೆಕ್ಕದ ಉತ್ತರವೇನೋ ಇತ್ತು. ಒಂದೇ ಕಡೆ ಹಗಲಿರುಳೂ ಶಕ್ತಿಯನ್ನು ಕೊಳ್ಳುವ ಗಣಿಯಿಲ್ಲದಿದ್ದರೆ ಆ ಭಾರಿ ವೆಚ್ಚವು ಹಿಂತಿರುಗಿ ಬರುತ್ತಿರಲಿಲ್ಲ. ಹತ್ತು ಮನೆಗೆ ಒಂದೊಂದು ದೀಪವೆಂಬ ಹಳ್ಳಿಗೆ ತಂತಿ ಎಳೆದರೆ ಕಂಬದ ಬೆಲೆಯೂ ಹುಟ್ಟುತ್ತಿರಲಿಲ್ಲ. ಗಣಿಯಿಂದ ಬಂದ ಹಣ ಸಂಸ್ಥಾನಕ್ಕೆ ಒದಗಿತು. ದಿವಾನರನ್ನು ಆಕ್ಷೇಪಿಸಲು ನನಗೆ ಮನಸ್ಸಿಲ್ಲ. ಆದರೆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಕಾದವರ ಕಾಯುವಿಕೆ ಸುಳ್ಳಾಗದು.

ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಶಕ್ತಿಯೂ ಸೊರಗುತ್ತಿತ್ತು. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವನ್ನು ಆರಂಭಿಸಿದುದಕ್ಕೆ ವ್ಯವಸಾಯದಂತೆ ಇದೂ ಒಂದು ಕಾರಣ. ಆದರೆ ಆ ಕಟ್ಟೆಯಿರುವುದು ಸಂಗಮಕ್ಕೆ ಮೇಲೆ, ಕಾವೇರಿಗೆ ಅಡ್ಡಲಾಗಿ. ಕಪಿಲೆಯ ನೆರೆ ತಡೆಯಿಲ್ಲದೆ ಹರಿದುಹೋಗುತ್ತಿತ್ತು. ಬೀಚನಹಳ್ಳಿಯ ಅಣೆಕಟ್ಟು ಮುಗಿದದ್ದು ೧೯೭೪ರಲ್ಲಿ.

ವಿದ್ಯಾರ್ಥಿಗಳು ಗಣಕಯಂತ್ರದ ಮಾತನ್ನು ನಿರೀಕ್ಷಿಸುತ್ತಿರಬಹುದು. ಹೊರೆ ಹೊರುವ ಆಳಾಗಿದ್ದ ವಿದ್ಯುತ್ತು ಕರಣಿಕನ ಕೆಲಸವನ್ನೂ ಕಲಿತ ಕಥೆ ಅದು. ಸ್ವಿಚ್ಚು ಹತ್ತಿದ್ದರೆ ಹೌದು, ಆರಿದ್ದರೆ ಅಲ್ಲ ಎಂದಿಟ್ಟುಕೊಂಡರೆ, ಜಾರ್ಜ್ ಬೂಲ್ ಬರೆದ ತರ್ಕಗಣಿತವನ್ನೆಲ್ಲ ಸ್ವಿಚ್ಚುಗಳ ಜೋಡಣೆಯಿಂದ ನಡೆಸಬಹುದೆಂದು ೧೯೩೭ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ವಿದ್ಯಾರ್ಥಿ ತೋರಿಸಿದನು. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ೧೯೧೧ರಲ್ಲಿ ಪಾಠಗಳು ಆರಂಭವಾದಾಗ ವಿದ್ಯುಚ್ಛಾಸ್ತ್ರವೂ ಅಲ್ಲಿತ್ತು. ಕಾವೇರಿಯ ವಿದ್ಯುತ್ತು ಆ ಊರಿಗೆ ಆಗಲೇ ಬಂದಿತ್ತು. ಈ ಮಠದ ವಿದ್ಯಾಪೀಠವು ೧೯೬೩ರಲ್ಲಿ ಮೈಸೂರಿನಲ್ಲಿ ಇಂಜನಿಯರಿಂಗ್ ಕಾಲೇಜನ್ನು ತೆರೆದ ಮೇಲೆ, ದೀಪಕ್ಕಾಗಿ ಕಾದ ಹಳ್ಳಿಗಳ ಮಕ್ಕಳಿಗೆ ದೀಪದ ಶಾಸ್ತ್ರವನ್ನು ಕಲಿಯಲು ದೂರ ಹೋಗಬೇಕಾಗಲಿಲ್ಲ.

ನಮ್ಮೂರಿಗೆ ಕಡೆಗೂ ತಂತಿ ಬಂದ ರಾತ್ರಿ ಅಜ್ಜಿ ಬದುಕಿದ್ದಳು. ಗಾಜಿನ ಬುರುಡೆ ಹೊತ್ತಿಕೊಂಡಿತು. ಆಕೆ ಬಹಳ ಹೊತ್ತು ನೋಡಿ, ಎದ್ದುಹೋಗಿ, ಹಳೆಯ ಬುಡ್ಡಿಗೆ ಎಣ್ಣೆ ತುಂಬಿಸಿ ಮಾಡದಲ್ಲಿಟ್ಟಳು. “ಇರಲಿ, ಹೊಳೆ ಬತ್ತಿದರೆ ಬೇಕಾಗುತ್ತದೆ” ಎಂದಳು. ಮೊದಲ ಬೇಸಿಗೆಯಲ್ಲಿಯೇ ಅದು ಬೇಕಾಯಿತು.